ಕೊಳ್ಳುವ ಸೇರು, ಕೊಡುವ ಸೇರು

(ವಾಚನಾಲಯವೊಂದರ ವಾರ್ಷಿಕೋತ್ಸವದಲ್ಲಿ ‘ಆಂಗ್ಲ ಸಂಸ್ಕೃತಿಯೂ ನಾವೂ’ ಎಂಬ ವಿಷಯವಾಗಿ ಮಾಡಿದ ಭಾಷಣ)



ಆಂಗ್ಲ ಸಂಸ್ಕೃತಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಈ ವಾಚನಾಲಯದ ಚಾಲಕರು ನಮಗೆ ಅಪ್ಪಣೆ ಮಾಡಿರುವರು. ವಿಷಯವು ಹೇಳುವವರಿಗೂ ಕೇಳುವವರಿಗೂ ಸ್ವಲ್ಪ ಸಂಕಟವನ್ನುಂಟುಮಾಡತಕ್ಕದ್ದು. ಆಂಗ್ಲರನ್ನು ಹೊಗಳಿದರೆ, ಇವರಿಗೆ ದಾಸ್ಯದ ರುಚಿ ಇನ್ನೂ ಹೋಗಿಲ್ಲವೆಂದು ಕೆಲವರು ಅನ್ನುವರು. ತೆಗಳಿದರೆ, ಆಂಗ್ಲರ ಪುಸ್ತಕಗಳನ್ನೋದಿ ಆಂಗ್ಲರ ಕಾಯಿದೆಯಿಂದ ಹೊಟ್ಟೆ ಹೊರೆಯುವ ವಕೀಲರಿಗೆ ಈ ಮಾತು ಶೋಭಿಸದೆಂದು ಇನ್ನು ಕೆಲವರು ಅನ್ನುವರು. ಎರಡು ಆಕ್ಷೇಪಗಳಲ್ಲಿಯೂ ಸತ್ಯಾಂಶವಿರುವದರಿಂದ ಎರಡನ್ನೂ ತಲೆಬಾಗಿ ಸ್ವೀಕರಿಸಿ ಮುಂದುವರಿಯುತ್ತೇವೆ.

ನಮ್ಮ ವೃತ್ತಿಯ ಹಿರಿಯರೊಬ್ಬರು ಒಂದು ಸಂಗತಿಯನ್ನು ಹೇಳುತ್ತಿದ್ದರು. ಕಾಳುಕಡಿಗಳನ್ನು ಸೇರಿನಿಂದ ಅಳೆಯುತ್ತಿದ್ದ ಕಾಲದ ಮಾತು ಅದು. ಒಬ್ಬ ಒಕ್ಕಲಿಗನು ಅವರ ಬಳಿಗೆ ಬಂದು, ಊರ ಸಾಹುಕಾರನ ಮೇಲೆ ಫಿರ್ಯಾದಿಯನ್ನು ಬರೆದುಕೊಡಿರೆಂದು ಕೇಳಿದನಂತೆ. ಆ ಸಾಹುಕಾರನ ಅಂಗಡಿಯಲ್ಲಿ ಎರಡು ಸೇರುಗಳಿದ್ದವು. ಸುಗ್ಗಿಯಲ್ಲಿ ರೈತನ ಜೋಳವನ್ನು ಕೊಳ್ಳುವಾಗ ದೊಡ್ಡ ಸೇರು. ಬೇಸಗೆಯಲ್ಲಿ ಅದೇ ಜೋಳವನ್ನು ಅದೇ ರೈತನಿಗೆ ಕಡ ಕೊಡುವಾಗ ಚಿಕ್ಕ ಸೇರು. ವಕೀಲರು ವಿನೋದಕ್ಕಾಗಿ, “ಹಾಗಾದರೆ ಅವನ ಸೇರುಗಳನ್ನೆಲ್ಲ ಒಡೆದುಹಾಕಿಸೋಣವೇನಪ್ಪ?” ಎಂದರು. ರೈತನು ಗಾಬರಿಯಾಗಿ, “ಬ್ಯಾಡ್ರಿ ರಾಯರ, ದೊಡ್ಡ ಸೇರು ಛಲೋ ಐತಿ. ಅದನ್ನ ತಂದು ಚಾವಡಿಯಾಗ ಇಡಸ್ರಿ. ಕೊಳ್ಳೂ ಮುಂದೂ ಅದಽ ಇರ್ಲಿ, ಕೊಡೂ ಮುಂದೂ ಅದಽ ಇರ್ಲಿ” ಎಂದನಂತೆ.

ಮಹನೀಯರೇ, ನಮಗೆ ಹೇಳುವದಿರುವದೆಲ್ಲವೂ ಆ ಒಕ್ಕಲಿಗನ ಮಾತಿನಲ್ಲಿ ಅಡಗಿದೆ. ಇಂಗ್ಲಂಡು ತನ್ನ ಹಕ್ಕುಗಳನ್ನು ಒಂದು ಸೇರಿನಿಂದ ಅಳೆದುಕೊಂಡಿತು. ನಮ್ಮ ಹಕ್ಕುಗಳನ್ನು ಇನ್ನೊಂದು ಸೇರಿನಿಂದ ಅಳೆದುಕೊಟ್ಟಿತು. ಆ ದೊಡ್ಡ ಸೇರನ್ನು ನಾವು ಪ್ರೀತಿಸಿದೆವು. ಅದನ್ನು ಪ್ರೀತಿಸಿದುದರಿಂದಲೇ ಚಿಕ್ಕ ಸೇರಿನ ಮೋಸವು ನಮ್ಮ ಕಣ್ಣಿಗೆ ಬಿದ್ದಿತು.

ದೊಡ್ಡ ಸೇರು

ಮೊದಲು ದೊಡ್ಡದರ ಮಾತು. ಅದು ನಿಜವಾಗಿಯೂ ದೊಡ್ಡದು. ಹಾಗೆಂದು ಒಪ್ಪಿಕೊಳ್ಳುವದರಿಂದ ನಮ್ಮ ದೇಶಾಭಿಮಾನಕ್ಕೆ ಯಾವ ಕುಂದೂ ಬರಲಾರದು. ೧೨೧೫ರಲ್ಲಿ ರನ್ನಿಮೀಡ ಎಂಬ ಹುಲ್ಲುಗಾವಲಿನಲ್ಲಿ ಜಾನ್ ದೊರೆಯ ಸರದಾರರು ಅವನಿಂದ ಒಂದು ಸನದಿಗೆ ಮುದ್ರೆಯನ್ನೊತ್ತಿಸಿಕೊಂಡರು. ಸಮಾನರಾದವರ ತೀರ್ಪಿನಿಂದಲ್ಲದೆ, ಇಲ್ಲವೆ ದೇಶದ ಕಾಯಿದೆಯಿಂದಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಹಿಡಿಯಕೂಡದೆಂಬದು ಅದರೊಳಗಿನ ಒಂದು ಕರಾರು. ಸರದಾರರು ಅದನ್ನು ಪಡೆದುದು ತಮ್ಮ ಹಿತಕ್ಕಾಗಿ; ಅವರ ಹೊಲಗಳಲ್ಲಿ ದುಡಿಯುವ ಜೀತದಾಳುಗಳಿಗೆ ಅದರಿಂದಾದ ಲಾಭವು ಅತ್ಯಲ್ಪ. ಆದರೂ ಮಾತು ಒಮ್ಮೆ ಬರವಣಿಗೆಗೆ ಇಳಿದ ಬಳಿಕ ಅದನ್ನು ಕೇಳುವ ಜನರು ಹುಟ್ಟುತ್ತಲೇ ಹೋಗುವರು. ನಾಲ್ಕು ನೂರು ವರ್ಷಗಳ ಮೇಲೆ, ೧೬೨೮ರಲ್ಲಿ, ಪಾರ್ಲಿಮೆಂಟು ಅದೇ ಮಾತನ್ನು ಹಿಡಿದುಕೊಂಡು ಮೊದಲನೆಯ ಚಾರ್ಲ್ಸ್ ದೊರೆಯ ಮುಂದೆ ತನ್ನ ಹಕ್ಕುಗಳ ಅರ್ಜಿಯನ್ನಿಟ್ಟಿತು. ೧೬೭೯ರಲ್ಲಿ ಹೇಬಿಯಸ್ ಕಾರ್ಪಸ್ ಕಾಯಿದೆಯೂ ೧೬೮೯ರಲ್ಲಿ ಹಕ್ಕುಗಳ ಶಾಸನವೂ ಆದವು.

ಹೇಬಿಯಸ್ ಕಾರ್ಪಸ್ ಎಂದರೇನು? ಮನುಷ್ಯನೊಬ್ಬನನ್ನು ಯಾರು ಬಂಧನದಲ್ಲಿಟ್ಟಿರುವರೋ ಅವರು ಅವನನ್ನು ನ್ಯಾಯಾಸನದ ಮುಂದೆ ತಂದು ನಿಲ್ಲಿಸಬೇಕು, ಯಾವ ಕಾಯಿದೆಯ ಆಧಾರದಿಂದ ಹಿಡಿದಿರುವರೆಂಬದನ್ನು ಹೇಳಬೇಕು, ಆಧಾರವಿಲ್ಲದಿದ್ದರೆ ಬಿಡಬೇಕು. ಮಾತು ಇಷ್ಟೇ. ಆದರೆ ಈ ಮಾತು ಇಲ್ಲದ ರಾಜ್ಯದಲ್ಲಿ ಮಿಕ್ಕ ಹಕ್ಕುಗಳೆಲ್ಲವೂ ಬಾಗಿಲಿಲ್ಲದ ಮನೆಯಲ್ಲಿ ಇಟ್ಟ ಒಡವೆಗಳಂತೆ.

ಈ ಹಕ್ಕು ಏನು ಮಾಡಬಲ್ಲದೆಂಬದಕ್ಕೆ ಒಂದು ಖಟ್ಲೆಯನ್ನು ಹೇಳುತ್ತೇವೆ. ಜೇಮ್ಸ್ ಸಾಮರ್ಸೆಟ್ ಎಂಬ ಆಫ್ರಿಕದ ಗುಲಾಮನನ್ನು ಅವನ ಒಡೆಯನು ಅಮೇರಿಕೆಯಿಂದ ಇಂಗ್ಲಂಡಿಗೆ ಕರೆತಂದಿದ್ದನು. ಗುಲಾಮನು ತಪ್ಪಿಸಿಕೊಂಡನು. ಒಡೆಯನು ಅವನನ್ನು ಹಿಡಿಯಿಸಿ, ಜಮೇಕಕ್ಕೆ ಕಳಿಸಿ ಮಾರುವದಕ್ಕೆಂದು ಹಡಗಿನಲ್ಲಿ ಸಂಕೋಲೆಯಿಕ್ಕಿ ಇಡಿಸಿದನು. ಆಗ ಕೆಲವು ದಯಾವಂತರು ಹೇಬಿಯಸ್ ಕಾರ್ಪಸ್ ಬೇಡಿದರು. ೧೭೭೨ರಲ್ಲಿ ಮುಖ್ಯ ನ್ಯಾಯಾಧೀಶನಾದ ಲಾರ್ಡ್ ಮ್ಯಾನ್ಸ್‌ಫೀಲ್ಡನು, ಗುಲಾಮಗಿರಿಯಂಥ ಹೇಯವಾದ ಪದ್ಧತಿಗೆ ಸ್ಪಷ್ಟವಾದ ಶಾಸನದ ಹೊರತು ಬೇರೆ ಯಾವ ಆಧಾರವೂ ಸಾಲದೆಂದು ನಿರ್ಣಯಿಸಿ ಅವನನ್ನು ಬಿಡಿಸಿದನು. ಬಂಧುಬಳಗವಿಲ್ಲದ, ಕಾಸಿಲ್ಲದ, ಪರದೇಶದ ಒಬ್ಬ ಗುಲಾಮನಿಗಾಗಿ ಆ ದೇಶದ ಅತ್ಯುಚ್ಚ ನ್ಯಾಯಾಧೀಶನು ಶ್ರೀಮಂತರಾದ ತೋಟದ ಒಡೆಯರನ್ನು ಎದುರುಹಾಕಿಕೊಂಡನು. ಕಾಯಿದೆಯ ವಿದ್ಯಾರ್ಥಿಗಳಾಗಿ ಈ ತೀರ್ಪನ್ನು ಮೊದಲು ಓದಿದಾಗ ನಮ್ಮ ಕಣ್ಣುಗಳು ಒದ್ದೆಯಾದವೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಸಾಹಿತ್ಯದ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕವು ಬಸವಪ್ಪಶಾಸ್ತ್ರಿಗಳ ಕೈಯಲ್ಲಿ ‘ಶೂರಸೇನ ಚರಿತ್ರೆ’ಯಾಗಿ ಕನ್ನಡ ರಂಗಭೂಮಿಗೆ ಬಂದಿತು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಕನ್ನಡ ಕವಿತೆಗೆ ಹೊಸ ನಡೆ, ಹೊಸ ಧಾಟಿ ಬಂದವು. ಪರಭಾಷೆಯನ್ನು ಪ್ರೀತಿಸಿ ತಾಯ್ನುಡಿಯನ್ನು ಬೆಳೆಯಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಚಿಕ್ಕ ಸೇರು

ಇನ್ನು ಚಿಕ್ಕ ಸೇರಿನ ಮಾತು. ಅದು ನಮಗಾಗಿಯೇ ಮಾಡಿಸಿದುದಲ್ಲ. ಇಂಗ್ಲಂಡಿನ ಅಂಗಡಿಯಲ್ಲಿ ಮೊದಲೇ ಇದ್ದಿತು. ಸಾಮರ್ಸೆಟ್ಟನನ್ನು ಬಿಡಿಸಿದ ದೇಶದ ಹಡಗುಗಳು ಆ ಬಳಿಕವೂ ೧೮೦೭ರ ವರೆಗೆ ಗುಲಾಮರ ವ್ಯಾಪಾರವನ್ನು ನಡೆಯಿಸಿದವು. ೧೮೩೩ರಲ್ಲಿ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾಯಿದೆಯಾದಾಗ, ನಷ್ಟಪರಿಹಾರವೆಂದು ಎರಡು ಕೋಟಿ ಪೌಂಡುಗಳನ್ನು ಗೊತ್ತುಮಾಡಿದರು. ಆ ಹಣವು ಹೋದುದು ಗುಲಾಮರಿಗಲ್ಲ, ಗುಲಾಮರ ಒಡೆಯರಿಗೆ!

ನಮ್ಮ ದೇಶದಲ್ಲಿ ಈ ಎರಡು ಸೇರುಗಳು ಅಕ್ಕಪಕ್ಕದಲ್ಲಿಯೇ ಇದ್ದವು. ಇಂಗ್ಲಂಡಿನಲ್ಲಿ ಹೇಬಿಯಸ್ ಕಾರ್ಪಸ್ಸಿಗೆ ಹೆಮ್ಮೆಪಡುತ್ತಿದ್ದ ಜನರೇ ಬಂಗಾಲದಲ್ಲಿ ೧೮೧೮ರ ಮೂರನೆಯ ರೆಗ್ಯುಲೇಶನ್ನನ್ನೂ, ನಮ್ಮ ಧಾರವಾಡ ಬೆಳಗಾವಿಗಳು ಸೇರಿದ್ದ ಮುಂಬಯಿ ಇಲಾಖೆಯಲ್ಲಿ ೧೮೨೭ರ ಇಪ್ಪತ್ತೈದನೆಯ ರೆಗ್ಯುಲೇಶನ್ನನ್ನೂ ಮಾಡಿದರು. ಇವುಗಳ ಪ್ರಕಾರ, ಆರೋಪವಿಲ್ಲದೆ, ವಿಚಾರಣೆಯಿಲ್ಲದೆ, ಅವಧಿಯಿಲ್ಲದೆ ಮನುಷ್ಯನನ್ನು ಬಂಧನದಲ್ಲಿಡಬಹುದಾಗಿದ್ದಿತು. ೧೮೯೭ರಲ್ಲಿ ಪುಣೆಯ ನಾತು ಸಹೋದರರನ್ನು ಹಾಗೆಯೇ ಹಿಡಿದಿಟ್ಟರು. ೧೯೦೭ರಲ್ಲಿ ಲಾಲಾ ಲಜಪತರಾಯರನ್ನು ಹಾಗೆಯೇ ಬರ್ಮಾದ ಮಂಡಾಲೆಗೆ ಸಾಗಿಸಿದರು. ಏನು ಅಪರಾಧವೆಂದು ಕೇಳುವ ನ್ಯಾಯಾಸನವೇ ಅಲ್ಲಿ ಇರಲಿಲ್ಲ.

ಜ್ಯೂರಿ ಪದ್ಧತಿಯು ಆಂಗ್ಲರ ಇನ್ನೊಂದು ಹೆಮ್ಮೆ. ಆರೋಪಿತನನ್ನು ಅವನ ಸಮಾನರೇ ವಿಚಾರಿಸಬೇಕೆಂಬದು ಅದರ ತಿರುಳು. ೧೮೯೭ರಲ್ಲಿ ಲೋಕಮಾನ್ಯ ಟಿಳಕರ ಮೇಲಿನ ಮೊದಲನೆಯ ರಾಜದ್ರೋಹದ ಖಟ್ಲೆಯಲ್ಲಿ ಜ್ಯೂರಿಯವರು ಒಂಬತ್ತು ಜನರು. ಆರು ಮಂದಿ ಯುರೋಪಿಯನ್ನರು ಅಪರಾಧಿಯೆಂದರು. ಮೂವರು ಹಿಂದೀ ಜನರು ನಿರಪರಾಧಿಯೆಂದರು. ೧೯೦೮ರಲ್ಲಿ ಮತ್ತೆ ಒಂಬತ್ತು ಜನರು. ಏಳು ಮಂದಿ ಯುರೋಪಿಯನ್ನರು ಅಪರಾಧಿಯೆಂದರು. ಇಬ್ಬರು ಪಾರಸಿಗಳು ನಿರಪರಾಧಿಯೆಂದರು. ಖಟ್ಲೆಯು ‘ಕೇಸರಿ’ಯಲ್ಲಿ ಬಂದ ಮರಾಠಿ ಲೇಖನಗಳ ಮೇಲೆ. ಮರಾಠಿಯನ್ನು ಓದಬಲ್ಲವರ ದೃಷ್ಟಿಯಿಂದ ಲೇಖನದ ಅರ್ಥವೇನೆಂಬದನ್ನು, ಭಾಷಾಂತರವನ್ನು ಕೈಯಲ್ಲಿ ಹಿಡಿದ ಪರದೇಶೀಯರ ಬಹುಮತವು ಗೊತ್ತುಪಡಿಸಿತು. ಶಿಕ್ಷೆ ಆರು ವರ್ಷ. ಜ್ಯೂರಿಯೆಂಬ ಹೆಸರು ಉಳಿದಿದ್ದಿತು. ಸಮಾನರೆಂಬ ತಿರುಳು ಹೋಗಿದ್ದಿತು. ಆ ಮಂಡಾಲೆಯ ತುರಂಗದಲ್ಲಿಯೇ ಹುಟ್ಟಿದ ‘ಗೀತಾರಹಸ್ಯ’ವನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರೆಂಬದನ್ನು ಕರ್ನಾಟಕಸ್ಥರು ಬಲ್ಲರು.

ಇದಕ್ಕೆ ಇಪ್ಪತ್ತೈದು ವರ್ಷ ಮೊದಲು, ೧೮೮೩ರಲ್ಲಿ, ಜಿಲ್ಲೆಗಳಲ್ಲಿರುವ ಹಿಂದೀ ನ್ಯಾಯಾಧೀಶರು ಯುರೋಪಿಯನ್ನರನ್ನೂ ವಿಚಾರಿಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಿದ್ದಿತು. ಆಗ ಇಲ್ಲಿಯ ಆಂಗ್ಲ ವ್ಯಾಪಾರಿಗಳೂ ತೋಟದವರೂ ಎಬ್ಬಿಸಿದ ಕೋಲಾಹಲಕ್ಕೆ ಸರಕಾರವು ಮಣಿಯಿತು. ಯುರೋಪಿಯನ್ ಆರೋಪಿತನು ಅರ್ಧದಷ್ಟಾದರೂ ತನ್ನವರೇ ಇರುವ ಜ್ಯೂರಿಯನ್ನು ಬೇಡಬಹುದೆಂದು ೧೮೮೪ರಲ್ಲಿ ರಾಜಿಯಾಯಿತು. ನೋಡಿರಿ: ಸಮಾನರ ಜ್ಯೂರಿ ಬೇಕೆಂಬ ತತ್ತ್ವವು ಅವರಿಗೆ ಮರೆತುಹೋಗಿರಲಿಲ್ಲ. ತಮ್ಮ ಮೈಮೇಲೆ ಬಂದಾಗ ಅದು ಚೆನ್ನಾಗಿ ನೆನಪಾಯಿತು!

ಕಿವಿಗೆ ಕೊಟ್ಟ ವಚನ

ಮೋಸವು ಕೆಳಗಿನ ಅಧಿಕಾರಿಗಳದು, ಮೇಲಿನವರು ನಿರ್ದೋಷಿಗಳು ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಆದುದರಿಂದ ವಚನಗಳ ಇತಿಹಾಸವನ್ನೂ ನೋಡಬೇಕು. ಧರ್ಮ, ಜನ್ಮಸ್ಥಳ, ವಂಶ, ಬಣ್ಣ ಇವುಗಳ ಕಾರಣದಿಂದ ಈ ದೇಶದ ಯಾರನ್ನೂ ಸರಕಾರಿ ಕೆಲಸಕ್ಕೆ ಅನರ್ಹರೆಂದು ಎಣಿಸಕೂಡದೆಂದು ೧೮೩೩ರ ಪಾರ್ಲಿಮೆಂಟಿನ ಕಾಯಿದೆ ಹೇಳಿತು. ೧೮೫೮ರ ನವೆಂಬರ್ ೧ರ ರಾಣಿಯ ಸಾರುವಿಕೆಯೂ ಅದನ್ನೇ ಹೇಳಿತು. ಸಿವ್ಹಿಲ್ ಸರ್ವಿಸಿನ ಪರೀಕ್ಷೆಯೇನೋ ಎಲ್ಲರಿಗೂ ತೆರೆದಿದ್ದಿತು. ಆದರೆ ಅದು ನಡೆಯುತ್ತಿದ್ದುದು ಲಂಡನ್ನಿನಲ್ಲಿ. ೧೮೭೮ರಿಂದ ಪರೀಕ್ಷೆಗೆ ಕೂಡ್ರುವವರ ವಯೋಮಿತಿಯನ್ನು ೨೧ರಿಂದ ೧೯ಕ್ಕೆ ಇಳಿಸಿದರು. ಹತ್ತೊಂಬತ್ತು ತುಂಬುವದರೊಳಗಾಗಿ ಸಮುದ್ರವನ್ನು ದಾಟಿ, ಪರಭಾಷೆಯಲ್ಲಿ ಆ ಭಾಷೆಯವರೊಡನೆಯೇ ಸ್ಪರ್ಧಿಸಿ ಗೆಲ್ಲಬೇಕು. ಬಾಗಿಲು ತೆರೆದಿದ್ದಿತು, ಹೊಸ್ತಿಲನ್ನು ಮಾತ್ರ ಆಳೆತ್ತರ ಏರಿಸಿದ್ದರು. ಈ ದೇಶದಲ್ಲಿಯೂ ಆ ಪರೀಕ್ಷೆ ನಡೆಯತೊಡಗಿದುದು ೧೯೨೨ರಲ್ಲಿ.

ಆಗಿನ ವೈಸರಾಯ ಲಾರ್ಡ್ ಲಿಟನ್ನನು ೧೮೭೮ರಲ್ಲಿ ಬರೆದ ಗುಪ್ತ ಪತ್ರವೊಂದರಲ್ಲಿ ಇದನ್ನು ತಾನಾಗಿಯೇ ಒಪ್ಪಿಕೊಂಡನು. ಆ ವಚನಗಳು ನಡೆಯತಕ್ಕವುಗಳಲ್ಲ; ಈ ಜನರಿಗೆ ಇಲ್ಲವೆಂದು ನೇರವಾಗಿ ಹೇಳಬೇಕಾಗಿದ್ದಿತು, ಇಲ್ಲವೆ ವಂಚಿಸಬೇಕಾಗಿದ್ದಿತು; ನಾವು ನೇರವಲ್ಲದ ದಾರಿಯನ್ನೇ ಹಿಡಿದೆವು ಎಂಬದು ಅದರ ತಾತ್ಪರ್ಯ. ದಾದಾಭಾಯಿ ನವರೋಜಿಯವರು ಈ ಪತ್ರವನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದರು. ೧೮೯೨ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರು ಈ ಪಾರಸಿ ವೃದ್ಧರನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಇದೂ ಇಂಗ್ಲಂಡೇ ಎಂಬದನ್ನು ಮರೆಯಬಾರದು. ೧೯೦೧ರಲ್ಲಿ ಅವರು ಪ್ರಕಟಿಸಿದ ಉದ್ಗ್ರಂಥದ ಹೆಸರನ್ನು ಕನ್ನಡಿಸಿದರೆ ‘ಇಂಡಿಯಾದ ಬಡತನವೂ ಬ್ರಿಟಿಷವಲ್ಲದ ಆಳಿಕೆಯೂ’ ಎಂದಾಗುವದು. ಆ ಹೆಸರನ್ನು ಸ್ವಲ್ಪ ಆಲೋಚಿಸಿ ನೋಡಿರಿ. ಇದು ಬ್ರಿಟಿಷರ ಆಳಿಕೆಯಾದುದರಿಂದ ಕೆಟ್ಟದೆಂದು ಅವರು ಅನ್ನಲಿಲ್ಲ. ಬ್ರಿಟಿಷರು ತಾವೇ ಸಾರಿದ ತತ್ತ್ವಗಳಿಗೆ ಇದು ವಿರುದ್ಧವಾಗಿದೆಯೆಂದರು. ದೊಡ್ಡ ಸೇರನ್ನು ಅಂಗಡಿಯಿಂದಲೇ ಎತ್ತಿಕೊಂಡು ಬಂದು ಸಾಹುಕಾರನ ಮುಂದಿಟ್ಟ ಮೊದಲಿಗರಲ್ಲಿ ಅವರೊಬ್ಬರು.

ಎರಡು ಇಂಗ್ಲಂಡುಗಳು

೧೯೧೯ರ ಎಪ್ರಿಲ್ ೧೩ರಂದು ಅಮೃತಸರದ ಜಲಿಯನವಾಲಾ ಬಾಗಿನಲ್ಲಿ ಜನರಲ್ ಡಾಯರನು ನಿಶ್ಶಸ್ತ್ರರಾದ ಜನರ ಮೇಲೆ ೧೬೫೦ ಗುಂಡುಗಳನ್ನು ಹಾರಿಸಿದನು. ಸರಕಾರಿ ಲೆಕ್ಕದಂತೆಯೇ ಸತ್ತವರು ೩೭೯. ಈ ಕಥೆಯು ಎಲ್ಲರಿಗೂ ಗೊತ್ತಿರುವದು. ಅದರ ಮುಂದಿನ ಕಥೆಯನ್ನು ಹೇಳುತ್ತೇವೆ. ೧೯೨೦ರ ಜುಲೈ ತಿಂಗಳಲ್ಲಿ ಪಾರ್ಲಿಮೆಂಟಿನಲ್ಲಿ ವಾದವಾಯಿತು. ಕಾಮನ್ಸ್ ಸಭೆಯಲ್ಲಿ ಮಂತ್ರಿಗಳು ಡಾಯರನ ಕೃತ್ಯವನ್ನು ಖಂಡಿಸಿದರು. ಹಾಗೆ ಖಂಡಿಸಿದವರಲ್ಲಿ, ಕಡೆಯ ವರೆಗೂ ನಮ್ಮ ಸ್ವರಾಜ್ಯವನ್ನು ವಿರೋಧಿಸಿದ ಚರ್ಚಿಲರೂ ಒಬ್ಬರು. ಆದರೆ ಲಾರ್ಡರ ಸಭೆಯು, ಡಾಯರನಿಗೆ ಅನ್ಯಾಯವಾಯಿತೆಂಬ ಠರಾವನ್ನು ೮೬ರ ವಿರುದ್ಧ ೧೨೯ ಮತಗಳಿಂದ ಅಂಗೀಕರಿಸಿತು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯು ಅವನಿಗಾಗಿ ನಿಧಿಯನ್ನು ಕೂಡಿಸಿತು; ೨೬ ಸಾವಿರ ಪೌಂಡುಗಳಿಗೂ ಮಿಕ್ಕಿ ಹಣ ಬಂದಿತು.

೧೯೨೪ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಂಜಾಬದ ಹಳೆಯ ಲೆಫ್ಟಿನೆಂಟ್ ಗವರ್ನರನಾದ ಸರ್ ಮೈಕೆಲ್ ಓಡ್ವಾಯರನು, ತನ್ನ ಆಡಳಿತವನ್ನು ಪುಸ್ತಕವೊಂದರಲ್ಲಿ ನಿಂದಿಸಿದರೆಂದು ಸರ್ ಶಂಕರನ್ ನಾಯರರ ಮೇಲೆ ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದನು. ನ್ಯಾಯಾಧೀಶನೇ ಡಾಯರನ ಪಕ್ಷವನ್ನು ಬಾಯಿಬಿಟ್ಟು ಎತ್ತಿಹಿಡಿದನು. ಹನ್ನೆರಡು ಜನ ಜ್ಯೂರಿಯಲ್ಲಿ ಹನ್ನೊಂದು ಜನರು ಓಡ್ವಾಯರನ ಕಡೆಯಾದರು. ಒಬ್ಬನು ಮಾತ್ರ ಒಪ್ಪಲಿಲ್ಲ. ಅವನೇ ಹೆರಾಲ್ಡ್ ಲಾಸ್ಕಿ. ನಾಯರರು ೫೦೦ ಪೌಂಡು ದಂಡವನ್ನು ತೆತ್ತರು.

ಹನ್ನೊಂದು ಜನರ ಇಂಗ್ಲಂಡು ಒಂದು, ಒಬ್ಬನ ಇಂಗ್ಲಂಡು ಒಂದು. ವಾರನ್ ಹೇಸ್ಟಿಂಗ್ಸನ ಮೇಲೆ ಎಡ್ಮಂಡ್ ಬರ್ಕನು ೧೭೮೮ರಲ್ಲಿ ಆರಂಭಿಸಿದ ಮಹಾಭಿಯೋಗವು ಏಳು ವರ್ಷ ನಡೆದು ೧೭೯೫ರಲ್ಲಿ ಸೋತಿತು. ಹೇಸ್ಟಿಂಗ್ಸನು ಬಿಡುಗಡೆಯಾದನು. ಆದರೆ ಅಳುವ ಬಂಗಾಲಕ್ಕಾಗಿ ಒಬ್ಬನು ಏಳು ವರ್ಷ ಗಂಟಲು ಹರಿದುಕೊಂಡನೆಂಬದು ಸುಳ್ಳಾಗದು. ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ದುಡಿದ ಹ್ಯೂಮರು, ಎರಡು ಸಲ ಅದರ ಅಧ್ಯಕ್ಷರಾದ ವೆಡ್ಡರ್‌ಬರ್ನರು, ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕರಾಗಿದ್ದು ೧೯೧೯ರಲ್ಲಿ ಗಡಿಪಾರಾದ ಹಾರ್ನಿಮನ್ನರು, ದೀನಬಂಧು ಎಂಡ್ರೂಜರು, ಇವರೆಲ್ಲರೂ ಆ ಇಂಗ್ಲಂಡಿನವರೇ. ೧೯೨೨ರ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ಮಹಾತ್ಮಾ ಗಾಂಧಿಯವರಿಗೆ ಆರು ವರ್ಷದ ಶಿಕ್ಷೆಯನ್ನು ವಿಧಿಸಿದ ನ್ಯಾಯಾಧೀಶ ಬ್ರೂಮ್‌ಫೀಲ್ಡರು, ಸರಕಾರವು ಈ ಶಿಕ್ಷೆಯನ್ನು ಕಡಮೆಮಾಡಿದರೆ ತಮಗಿಂತ ಹೆಚ್ಚು ಸಂತೋಷಪಡುವವರು ಯಾರೂ ಇಲ್ಲವೆಂದರು. ಅಲ್ಲಿ ಕಾಯಿದೆಯು ಚಿಕ್ಕ ಸೇರು. ಕಾಯಿದೆಯನ್ನು ಓದಿದ ಮನುಷ್ಯನ ಅಂತಃಕರಣವು ದೊಡ್ಡ ಸ‍ೇರು. ಎರಡೂ ಒಂದೇ ಆಸನದ ಮೇಲೆ ಕುಳಿತಿದ್ದವು.

ಇಲ್ಲಿಗೆ ನಮ್ಮ ಮುಖ್ಯವಾದ ಮಾತು ಬಂದಿತು. ಆ ದೊಡ್ಡ ಸೇರನ್ನು ಮಾಡಿದವರಾರು? ಇಂಗ್ಲಂಡಿನ ಆಳರಸರೇ? ಅಲ್ಲ. ಜಾನ್ ದೊರೆಯು ಅದನ್ನು ಒಲಿದು ಕೊಡಲಿಲ್ಲ. ಚಾರ್ಲ್ಸ್ ದೊರೆಯೂ ಕೊಡಲಿಲ್ಲ. ಆಳುವವರ ಕೈಯಿಂದ ಕಿತ್ತುಕೊಂಡವರು ಅದನ್ನು ಮಾಡಿದರು. ಆ ದೇಶದ ಸ್ತ್ರೀಯರು ಪುರುಷರ ಸರಿಸಮಾನವಾದ ಮತಾಧಿಕಾರವನ್ನು ಪಡೆದುದು ೧೯೨೮ರಲ್ಲಿ. ಅದೂ ಸೆರೆಮನೆ ಉಪವಾಸಗಳನ್ನು ಅನುಭವಿಸಿದ ಮೇಲೆ. ಆದುದರಿಂದ ಆಂಗ್ಲ ಸಂಸ್ಕೃತಿಯಲ್ಲಿ ಪ್ರೀತಿಸತಕ್ಕುದು ಯಾವುದೋ ಅದು ಆಂಗ್ಲ ಪ್ರಭುತ್ವದ ಸೊತ್ತಲ್ಲ; ಆ ಪ್ರಭುತ್ವದೊಡನೆ ಹೋರಾಡಿದವರ ಸೊತ್ತು. ಅಂಕೋಲೆಯಲ್ಲಿ ೧೯೩೦ರಲ್ಲಿ ಉಪ್ಪನ್ನು ಎತ್ತಿದ ಕನ್ನಡಿಗರು ಆಂಗ್ಲ ಸಂಸ್ಕೃತಿಯ ವೈರಿಗಳಾಗಿರಲಿಲ್ಲ. ಅದರ ಅತ್ಯುತ್ತಮವಾದ ಪರಂಪರೆಯನ್ನು ಅವರೇ ನಡೆಯಿಸಿದರು. ಲಾಠಿಯೆತ್ತಿದವರು ಅದನ್ನು ಮುರಿದರು.

ಕನ್ನಡ ನಾಡಿನಲ್ಲಿ

ಈ ಎರಡು ಮುಖಗಳನ್ನು ನಮ್ಮ ನಾಡು ಹತ್ತಿರದಿಂದಲೇ ಕಂಡಿತು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಕಿತ್ತೂರಿನ ದತ್ತಕವನ್ನು ಒಪ್ಪದೆ, ೧೮೨೪ರ ಅಕ್ಟೋಬರದಲ್ಲಿ ಕೋಟೆಯ ಮುಂದೆ ಬಿದ್ದನು. ಆತನು, ನಾವು ಕಾಲೇಜುಗಳಲ್ಲಿ ಓದಿ ಮೆಚ್ಚುವ ಕಾದಂಬರಿಕಾರ ಥ್ಯಾಕರೆಯ ತಂದೆಯ ಒಡಹುಟ್ಟಿದವನು! ತನ್ನ ದೇಶದಲ್ಲಿ ಆಸ್ತಿಯ ಉತ್ತರಾಧಿಕಾರವನ್ನು ದೇವರಂತೆ ಪೂಜಿಸುವ ಜನರು, ನಮ್ಮ ಶಾಸ್ತ್ರಸಮ್ಮತವಾದ ದತ್ತಕವನ್ನು ಒಂದು ಕಾಗದದಿಂದ ಅಳಿಸಹೋದರು. ರಾಣಿ ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ಅದೇ ಜನಾಂಗದ ಫ್ಲೀಟರು ಮುಂಬಯಿ ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದು, ಕನ್ನಡ ಶಾಸನಗಳನ್ನು ಓದಿ, ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದರು. ಬೆಂಗಳೂರಲ್ಲಿಯೇ ಹುಟ್ಟಿದ ಲೂಯಿ ರೈಸರು ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಬೆಳಕಿಗೆ ತಂದರು. ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವು ೧೮೯೮ರಲ್ಲಿ ಅಚ್ಚಾದುದು ರೈಸರು ನಡೆಯಿಸುತ್ತಿದ್ದ ಗ್ರಂಥಮಾಲೆಯಲ್ಲಿಯೇ. ಕಾವೇರಿಯಿಂದ ಗೋದಾವರಿಯ ವರೆಗಿನ ನಾಡು ಕನ್ನಡನಾಡೆಂದು ಸಾರುವ ಗ್ರಂಥವದು. ಒಬ್ಬ ಆಂಗ್ಲನ ಆಸ್ಥೆಯಿಂದ ನಮ್ಮ ನಾಡಿನ ಗಡಿಯನ್ನು ಹೇಳುವ ಗ್ರಂಥವು ಹೊರಬಂದಿತು. ಆದರೆ ಆಂಗ್ಲರ ಆಳಿಕೆಯಲ್ಲಿ ಆ ನಾಡು ಮುಂಬಯಿ, ಮದರಾಸು, ಮೈಸೂರು, ನಿಜಾಮಸೀಮೆ, ಕೊಡಗು ಎಂದೂ ಸಣ್ಣ ಸಂಸ್ಥಾನಗಳೆಂದೂ ಹರಿದು ಹಂಚಿಹೋಗಿದ್ದಿತು. ಒಂದೇ ಕಡಲತೀರದ ಕನ್ನಡ ಜಿಲ್ಲೆಯನ್ನು ಸೀಳಿ, ೧೮೬೨ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು. ದಕ್ಷಿಣದ ಭಾಗವು ಮದರಾಸಿನಲ್ಲಿಯೇ ಉಳಿಯಿತು. ೧೯೩೬ರಲ್ಲಿ ಒರಿಸ್ಸಾ ಬೇರೆ ಪ್ರಾಂತವಾಯಿತು, ಸಿಂಧ ಬೇರೆ ಪ್ರಾಂತವಾಯಿತು; ಕರ್ನಾಟಕಕ್ಕೆ ಮಾತ್ರ ಆ ಯೋಗವು ಬರಲಿಲ್ಲ.

ಸೇರು ನಮ್ಮ ಕೈಗೆ ಬಂದಾಗ

ಇಲ್ಲಿಯ ವರೆಗೆ ಕೇಳಿದವರು ಸಂತೋಷದಿಂದ ತಲೆದೂಗಿರಬಹುದು. ಇನ್ನು ಹೇಳುವ ಮಾತು ಅಷ್ಟು ಸಿಹಿಯಾಗಿರಲಾರದು. ೧೯೪೭ರ ಆಗಸ್ಟ್ ೧೫ರಂದು ಸಾಹುಕಾರನು ಅಂಗಡಿಯನ್ನು ಬಿಟ್ಟುಹೋದನು. ಸೇರುಗಳೆರಡನ್ನೂ ಇಲ್ಲಿಯೇ ಬಿಟ್ಟುಹೋದನು. ನಾವು ಯಾವುದನ್ನು ಎತ್ತಿಕೊಂಡೆವು?

ಭಾಷಾವಾರು ಪ್ರಾಂತಗಳ ತತ್ತ್ವವನ್ನು ಕಾಂಗ್ರೆಸ್ಸು ೧೯೨೦ರಲ್ಲಿ ನಾಗಪುರದಲ್ಲಿ ಒಪ್ಪಿದ್ದಿತು. ೧೯೨೮ರ ನೆಹರೂ ವರದಿಯೂ ಕರ್ನಾಟಕದ ಬೇಡಿಕೆಯನ್ನು ಎತ್ತಿಹಿಡಿದಿದ್ದಿತು. ಆದರೆ ಅಧಿಕಾರವು ಕೈಗೆ ಬಂದ ಬಳಿಕ, ೧೯೪೮ರಲ್ಲಿ ದಾರ್ ಆಯೋಗವು ಬೇಡವೆಂದಿತು. ೧೯೪೯ರಲ್ಲಿ ನಮ್ಮ ಪೂಜ್ಯ ಮುಖಂಡರೇ ಇದ್ದ ಸಮಿತಿಯು ಕಾಲವು ಬಂದಿಲ್ಲವೆಂದಿತು. ಕನ್ನಡಿಗರು ೧೯೫೬ರ ನವೆಂಬರ್ ೧ರ ವರೆಗೆ ಕಾಯಬೇಕಾಯಿತು. ಆ ನಾಡಿಗೆ ಕರ್ನಾಟಕವೆಂಬ ತನ್ನ ಹೆಸರು ದೊರೆಯಲು ೧೯೭೩ರ ವರೆಗೆ ಕಾಯಬೇಕಾಯಿತು. ಕಿವಿಗೆ ವಚನವನ್ನು ಕೊಟ್ಟು ಹೃದಯಕ್ಕೆ ತಪ್ಪಿಸುವ ವಿದ್ಯೆಯು ಲಿಟನ್ನನೊಬ್ಬನಿಗೇ ಗೊತ್ತಿದ್ದುದಲ್ಲ.

ಟಿಳಕರನ್ನೂ ಗಾಂಧಿಯವರನ್ನೂ ಸೆರೆಗೆ ಕಳಿಸಿದ ೧೨೪-ಅ ಕಲಮನ್ನು ನಾವು ತೆಗೆದುಹಾಕಲಿಲ್ಲ. ಇಂಗ್ಲಂಡು ತನ್ನ ರಾಜದ್ರೋಹದ ಅಪರಾಧವನ್ನು ೨೦೦೯ರಲ್ಲಿ ಕಾಯಿದೆಯ ಪುಸ್ತಕದಿಂದ ಕಿತ್ತಿತು. ನಮ್ಮಲ್ಲಿ ಅದರ ಬಳಕೆಯನ್ನು ಸುಪ್ರೀಮ್ ಕೋರ್ಟು ತಡೆಹಿಡಿದುದು ೨೦೨೨ರಲ್ಲಿ. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರು ಹೋಯಿತು. ಅದನ್ನು ಹೋಲುವ ೧೫೨ನೆಯ ಕಲಮು ಬಂದಿತು. ವಿಚಾರಣೆಯಿಲ್ಲದ ಬಂಧನಕ್ಕೆ ೧೯೫೦ರಲ್ಲಿಯೇ, ಅಂದರೆ ರಾಜ್ಯಘಟನೆಯು ಜಾರಿಗೆ ಬಂದ ವರ್ಷವೇ, ನಾವು ನಮ್ಮದೇ ಆದ ಕಾಯಿದೆಯನ್ನು ಮಾಡಿಕೊಂಡೆವು. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಯಲ್ಲಿದ್ದ ದೇಶದ ಮುಖಂಡರು ಕರ್ನಾಟಕದ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಬೇಡಿದರು. ಅಂಥ ಅರ್ಜಿಗಳೆಲ್ಲವೂ ಸುಪ್ರೀಮ್ ಕೋರ್ಟಿಗೆ ಹೋದಾಗ, ೧೯೭೬ರ ಎಪ್ರಿಲ್ ೨೮ರಂದು ಐವರಲ್ಲಿ ನಾಲ್ವರು ನ್ಯಾಯಾಧೀಶರು, ಆ ಕಾಲದಲ್ಲಿ ಈ ಹಕ್ಕನ್ನು ಬೇಡುವಂತಿಲ್ಲವೆಂದರು. ನ್ಯಾಯಮೂರ್ತಿ ಖನ್ನಾ ಅವರೊಬ್ಬರು ಒಪ್ಪಲಿಲ್ಲ. ೧೯೪೧ರಲ್ಲಿ, ಯುದ್ಧದ ನಡುವೆ, ಇಂಗ್ಲಂಡಿನಲ್ಲಿ ಇಂಥದೇ ಖಟ್ಲೆಯಲ್ಲಿ ಲಾರ್ಡ್ ಎಟ್ಕಿನ್ನರೂ ಹೀಗೆಯೇ ಒಂಟಿಯಾಗಿ ಭಿನ್ನಮತವನ್ನು ಬರೆದಿದ್ದರು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ತಂದ ಖಟ್ಲೆಯಲ್ಲಿ, ೨೦೧೭ರಲ್ಲಿ, ಸುಪ್ರೀಮ್ ಕೋರ್ಟು ೧೯೭೬ರ ಆ ನಿರ್ಣಯವನ್ನು ತಳ್ಳಿಹಾಕಿತು. ದೊಡ್ಡ ಸೇರು ಇನ್ನೂ ಒಡೆದಿಲ್ಲವೆಂಬದಕ್ಕೆ ಇದು ಗುರುತು. ಆದರೆ ಅದು ತಾನಾಗಿ ಅಳೆಯದು. ಹಿಡಿದುಕೊಳ್ಳುವ ಕೈ ಬೇಕು.

ಸರಕಾರದ ಮಾತು ಹಾಗಿರಲಿ. ನಮ್ಮ ಮನೆಯ ಸೇರುಗಳಾವುವು? ಆಂಗ್ಲರಿಂದ ನಾವು ಸಮಾನತೆಯನ್ನು ಬೇಡುತ್ತಿದ್ದ ದಿನಗಳಲ್ಲಿಯೇ, ೧೯೨೭ರಲ್ಲಿ, ಮಹಾಡದ ಕೆರೆಯ ನೀರನ್ನು ಮುಟ್ಟುವದಕ್ಕಾಗಿ ಡಾಕ್ಟರ್ ಅಂಬೇಡಕರರು ಸತ್ಯಾಗ್ರಹ ಹೂಡಬೇಕಾಯಿತು. ಅಲ್ಲಿ ಅಡ್ಡನಿಂತವರು ಆಂಗ್ಲರಲ್ಲ. ಮುಂಬಯಿ ಮದರಾಸುಗಳಲ್ಲಿ ಕನ್ನಡವು ಮಲತಾಯಿಯ ಮಗುವಾಯಿತೆಂದು ಅತ್ತವರು ನಾವು. ಒಂದಾದ ಕರ್ನಾಟಕದಲ್ಲಿ ತುಳುವಿಗೂ ಕೊಡವ ನುಡಿಗೂ ಕೊಂಕಣಿಗೂ ಉರ್ದುವಿಗೂ ನಾವು ಅಳೆದುಕೊಡುವ ಸೇರು ಯಾವುದು? ನಮ್ಮ ಊರಿನ ಬಾವಿಯಲ್ಲಿ, ಗುಡಿಯ ಬಾಗಿಲಲ್ಲಿ, ಕೂಲಿಯವರ ಲೆಕ್ಕದಲ್ಲಿ, ಹೆಣ್ಣುಮಕ್ಕಳ ಪಾಲಿನಲ್ಲಿ ಯಾವುದು? ಪ್ರತಿಯೊಬ್ಬರೂ ಮನೆಗೆ ಹೋಗಿ ತಮ್ಮ ಅಟ್ಟದ ಮೇಲೆ ಒಮ್ಮೆ ನೋಡಿಕೊಳ್ಳುವದು ಒಳ್ಳೆಯದು.

ತರುಣರೇ, ಈ ವಾಚನಾಲಯದ ಕಪಾಟುಗಳಲ್ಲಿ ಆಂಗ್ಲ ಗ್ರಂಥಗಳೂ ಇವೆ, ಕನ್ನಡ ಗ್ರಂಥಗಳೂ ಇವೆ. ಎರಡನ್ನೂ ಪ್ರೀತಿಯಿಂದ ಓದಿರಿ. ಇಂಗ್ಲಂಡನ್ನು ದ್ವೇಷಿಸುವದು ಸುಲಭ, ಪೂಜಿಸುವದು ಇನ್ನೂ ಸುಲಭ. ಎರಡಕ್ಕೂ ವಿಚಾರವು ಬೇಕಾಗುವದಿಲ್ಲ. ಒಂದು ಜನಾಂಗದ ಶ್ರೇಷ್ಠವಾದ ಮಾತನ್ನು ಹಿಡಿದು, ಅದರ ನಡತೆಯನ್ನು ಆ ಮಾತಿನಿಂದಲೇ ಅಳೆದು, ಆ ಬಳಿಕ ಅದೇ ಅಳತೆಗೆ ತಾವೂ ನಿಲ್ಲುವದು ಕಠಿಣ. ಆ ಒಕ್ಕಲಿಗನು ಕೇಳಿದುದೂ ಅದನ್ನೇ: ದೊಡ್ಡ ಸೇರನ್ನು ಒಡೆಯಬೇಡಿರಿ, ಚಾವಡಿಯಲ್ಲಿ ತಂದಿಡಿರಿ. ಅದು ಈಗ ಚಾವಡಿಯಲ್ಲಿದೆ. ಕೊಳ್ಳುವಾಗಲೂ ಕೊಡುವಾಗಲೂ ಅದೇ ಇರಲಿ.



ವಂದೇ ಮಾತರಂ.